ಏಣಿಯ ಕೆಳಗಿನ ತೆನೆ

ನಮ್ಮೂರಿನಲ್ಲಿ ಇಸವಿ ನಿಲ್ಲುವುದಿಲ್ಲ. ಕಾಗದದ ಮೇಲೆ ಬರೆದರೆ ಸಂಜೆಯೊಳಗೆ ಅಳಿಸಿಹೋಗುತ್ತದೆ, ಕಲ್ಲಿನಲ್ಲಿ ಕೊರೆದರೆ ಒಂದು ವಾರ ತಡೆದೀತು. ಕಬ್ಬಿಣದಲ್ಲಿ ಎರಕ ಹೊಯ್ದರಂತೂ ಅಚ್ಚು ಬಿಚ್ಚುವಾಗಲೇ ಆ ಜಾಗ ನುಣ್ಣಗಿರುತ್ತದೆ. ಬೇರೆ ಅಂಕಿಗಳಿಗೆ ಈ ರೋಗವಿಲ್ಲ. ಮೂರು ಸೇರು ಜೋಳ ಎಂದು ಬರೆದರೆ ಮೂರು ಸೇರೇ ಇರುತ್ತದೆ. ಇಸವಿ ಮತ್ತು ವಯಸ್ಸು ಮಾತ್ರ ಕಾಲು ಕೀಳುತ್ತವೆ. ಪರವೂರಿನಿಂದ ಬರುವ ಮಾಸ್ತರರು ಮೊದಲ ವಾರ ಹಲಗೆಯ ಮೂಲೆಯಲ್ಲಿ ದಿನವೂ ಇಸವಿ ಬರೆದು, ಅಳಿಸಿದ್ದು ಯಾರೆಂದು ಮಕ್ಕಳ ಕಿವಿ ಹಿಂಡುತ್ತಾರೆ. ಎರಡನೆಯ ವಾರ ಕಿವಿ ಬಿಡುತ್ತಾರೆ. ತಿಂಗಳಾಗುವಷ್ಟರಲ್ಲಿ ತಮ್ಮ ವಯಸ್ಸನ್ನೂ ಮರೆತು ನಮ್ಮಂತೆಯೇ ಹಾಯಾಗಿ ಓಡಾಡುತ್ತಾರೆ.

ಹಾಗಾದರೆ ಯಾವುದು ಹಳೆಯದು, ಯಾವುದು ಹೊಸದು, ಯಾರು ಮೊದಲು, ಯಾರು ಆಮೇಲೆ ಎಂದು ತಿಳಿಯುವುದು ಹೇಗೆ? ಅದಕ್ಕೇ ನಾನಿದ್ದೇನೆ. ನನ್ನ ಹೆಸರು ಗೂಳಪ್ಪ. ಊರಿನ ಒಲೆಬೆನ್ನುಗಳನ್ನು ಓದುವವನು.

ನಮ್ಮದು ಚಳಿಯ ಊರು. ಪ್ರತಿ ಮನೆಯಲ್ಲೂ ಗೋಡೆಗೆ ಕೂಡಿಸಿ ಕಟ್ಟಿದ ದೊಡ್ಡ ಒಲೆಯಿದೆ. ಬೆಂಕಿಯ ಝಳಕ್ಕೆ ಹಿಂದಿನ ಗೋಡೆ ಸೀಳದಿರಲೆಂದು, ಕಾವು ಮನೆಯ ಒಳಕ್ಕೇ ಮರಳಲೆಂದು, ಅದರ ಹಿಂಬದಿಗೆ ಎದೆಮಟ್ಟದ ಒಂದು ಎರಕದ ಕಬ್ಬಿಣದ ಹಲಗೆ ನಿಂತಿರುತ್ತದೆ. ಅದೇ ಒಲೆಬೆನ್ನು. ಅದರ ಎಡಭಾಗದಲ್ಲಿ ಗಂಡನ ಮನೆತನದ ಲಾಂಛನ, ಬಲಭಾಗದಲ್ಲಿ ಹೆಂಡತಿಯ ತವರಿನ ಲಾಂಛನ. ಏಡಿಯ ಮನೆ, ಹುಂಜದ ಮನೆ, ಬೀಗದ ಮನೆ, ಬಾಚಣಿಗೆಯ ಮನೆ ಎಂದೆಲ್ಲ ನಮ್ಮಲ್ಲಿ ಮನೆತನಗಳಿವೆ. ಮಗು ಹುಟ್ಟಿದರೆ ತಾಯಿಯ ಲಾಂಛನದ ಕೆಳಗೆ ಒಂದು ಪುಟ್ಟ ತೆನೆ. ಹೆಂಡತಿ ತೀರಿಕೊಂಡು ಇನ್ನೊಬ್ಬಳು ಬಂದರೆ ಬದುಕಿರುವವಳು ಮೇಲೆ, ಹೋದವಳು ಕೆಳಗೆ. ತೆನೆಗಳು ತಮ್ಮ ತಮ್ಮ ತಾಯಿಯ ಜೊತೆಗೆ. ಇಂಥ ಪ್ರತಿ ಬದಲಾವಣೆಗೂ ಹಲಗೆಯನ್ನು ಎರಕದ ಅಂಗಳಕ್ಕೆ ಒಯ್ದು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ, ಬೇಕಾದ ಗುರುತನ್ನು ಮರದ ಪಡಿಯಚ್ಚಿನಿಂದ ಆ ಮರಳಿಗೆ ಸೇರಿಸುತ್ತಾರೆ, ಹಳೆಯ ಹಲಗೆಯನ್ನೇ ಕರಗಿಸಿ ಹೊಯ್ಯುತ್ತಾರೆ.

ಓದಲು ಬಂದರೆ ಇಷ್ಟರಿಂದಲೇ ಒಂದು ಊರಿನ ಚರಿತ್ರೆ ಹೇಳಬಹುದು. ಒಮ್ಮೆ ಹುಂಜದ ಮನೆಯವರು ತಮ್ಮ ಅಟ್ಟದಲ್ಲಿದ್ದ ಒಂದು ಒಲೆಬೆನ್ನನ್ನು ತೋರಿಸಿ, ಇದು ಊರು ಹುಟ್ಟಿದಾಗಿನದು, ನಮ್ಮಷ್ಟು ಹಳಬರು ಇಲ್ಲಿ ಯಾರೂ ಇಲ್ಲ ಎಂದು ಜಂಭ ಕೊಚ್ಚುತ್ತಿದ್ದರು. ನಾನು ನೋಡಿದೆ. ಹೆಂಡತಿಯ ಭಾಗದಲ್ಲಿ ಬೀಗವಿತ್ತು, ಬೀಗಕ್ಕೆ ಎರಡು ಕೀಲಿಕೈಗಳಿದ್ದವು. ಬೀಗದ ಮನೆಯವರು ಎರಡನೆಯ ಕೀಲಿಕೈ ಹಾಕಿಕೊಂಡಿದ್ದು ಅಣ್ಣತಮ್ಮಂದಿರು ಪಾಲಾದ ಮೇಲೆ. ಅವರು ಪಾಲಾಗಿದ್ದು ದೊಡ್ಡ ಸೇತುವೆ ಕುಸಿದ ಮೇಲೆ. ಸೇತುವೆ ಕುಸಿದಾಗ ನನ್ನ ಅಪ್ಪ ಅದರ ಮೇಲೆಯೇ ಇದ್ದ, ಅವನಿಗಾಗಲೇ ಮೀಸೆ ಬಂದಿತ್ತು. ಹಾಗಾಗಿ ಆ ಹಲಗೆ ನನ್ನ ಅಪ್ಪನ ಮೀಸೆಗಿಂತ ಹಳೆಯದಲ್ಲ ಎಂದು ಹೇಳಿ ಎದ್ದುಬಂದೆ. ಹುಂಜದ ಮನೆಯವರು ಇವತ್ತಿಗೂ ನನ್ನನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ಇರಲಿ. ನನಗೆ ನನ್ನ ವಿದ್ಯೆಯ ಬಗ್ಗೆ ಹೆಮ್ಮೆಯಿತ್ತು, ಸ್ವಲ್ಪ ಹೆಚ್ಚೇ ಇತ್ತು. ಓದಿದ್ದನ್ನು ಓದಿದಂತೆ ಹೇಳುವುದು, ಯಾರ ಮುಖವನ್ನೂ ನೋಡದಿರುವುದು, ಇದೇ ನನ್ನ ನೇಮವಾಗಿತ್ತು.

ಒಂದು ಬೆಳಿಗ್ಗೆ ಏಡಿಯ ಮನೆಯ ತೋಟವ್ವ ನನ್ನ ಬಾಗಿಲಿಗೆ ಬಂದಳು. ಮದುವೆಯಾಗದೆ ತಾಯಿಯ ಜೊತೆಯಲ್ಲೇ ಉಳಿದ ಹೆಂಗಸು. ಅರ್ಧ ತಲೆ ನೆರೆತಿದೆ. ನಾಲಿಗೆ ಮಾತ್ರ ಇನ್ನೂ ಹರೆಯದ್ದು. ಅವಳ ತಾಯಿ ಸಂಕವ್ವ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು.

"ಗೂಳಪ್ಪಣ್ಣಾ, ಒಂದೀಟು ಮನಿಗೆ ಬಂದು ಹೋಗು. ಒಲಿಬೆನ್ನು ಓದಬೇಕು."

ಬಳಕೆಯಲ್ಲಿರುವ ಒಲೆಬೆನ್ನನ್ನು ಓದಿಸುವುದು ಹುಟ್ಟಿಗೆ, ಮದುವೆಗೆ, ಮನೆಯೊಡತಿಯ ಸಾವಿಗೆ ಮಾತ್ರ. "ಯಾಕವಾ? ಅವ್ವ ಹೋದ್ಲೇನು?"

"ಬಿಡ್ತು ಅನ್ನು. ಬೆಳಿಗ್ಗೆನ ಎರಡು ಬಟ್ಟಲ ಗಂಜಿ ಕುಡದಾಳ." ಹೊಸ್ತಿಲ ಮೇಲೆ ಕುಕ್ಕರಿಸಿ ಕೂತಳು. ಯಾವತ್ತೂ ಹೀಗೆ ಕೂರುವವಳಲ್ಲ. "ಅಣ್ಣಾ, ಎಂಟು ದಿನ ಆತು, ಆಕಿ ನನ್ನ ಹೆಸರು ಹಿಡದು ಕರೀವಲ್ಲಳು. 'ನೀಲವ್ವನ ಕೂಸ, ನೀರು ಕೊಡ' ಅಂತಾಳ. 'ನೀಲವ್ವನ ಕೂಸ, ಕದ ಹಾಕ' ಅಂತಾಳ. ನೀಲವ್ವ ಅಂದ್ರ ಯಾರು? ನಮ್ಮಪ್ಪನ ಮೊದಲನೇ ಹೇಣ್ತಿ. ನಾ ನೋಡಿಲ್ಲ, ಕಂಡಿಲ್ಲ. ನಾ ಆಕಿ ಕೂಸು ಹೆಂಗ ಆಗ್ತೀನಿ?"

"ವಯಸ್ಸಾದೋರು ತೋಟವ್ವಾ. ಏನೇನೋ ಅಂತಾರ. ಮನಸಿಗೆ ಹಚ್ಚಿಕೋಬ್ಯಾಡ."

"ಹಚ್ಚಿಕೋಬಾರದು ಅಂತನ ಎಂಟು ದಿನ ತಡದೀನಿ. ಇನ್ನ ಆಗವಲ್ದು. ಆಕಿ ಹಂಗ ಕರದ್ರ ನಾ ಓ ಅನ್ನೂದ ಬಿಟ್ಟೀನಿ. ನೀರಡಿಸಿ ಕರೀತಿರ್ತಾಳ, ನಾ ಸುಮ್ಮನ ಕುಂತಿರ್ತೀನಿ. ನನಗ ನಾಚಿಕಿ ಬರ್ತೈತಿ. ನಾ ಯಾರ ಹೊಟ್ಟ್ಯಾಗ ಹುಟ್ಟೀನಿ ಅಂತ ಓದಿ ಹೇಳು. ನನ್ನ ಸಮಾಧಾನಕ್ಕ ಅಲ್ಲ. ಖರೇನ ಹೇಳು."

ಬೇರೆ ಊರಾಗಿದ್ದರೆ ಯಾರಾದರೂ ಇಸವಿ ಎಣಿಸಿ ಹೇಳಿಬಿಡುತ್ತಿದ್ದರು. ನಮ್ಮಲ್ಲಿ ಅದಾಗದು. ಅವಳ ಅಪ್ಪ ಸಂಸಾರ ಹೂಡಿದ್ದು ಮೇಲಿನ ಇದ್ದಿಲುಗುಡ್ಡದಲ್ಲಿ. ಆಗ ಎರಕದ ಅಂಗಳವೂ ಅಲ್ಲೇ ಇತ್ತು. ಅವರು ಒಲೆಬೆನ್ನನ್ನು ಗಾಡಿಯಲ್ಲಿ ಹೇರಿಕೊಂಡು ಕೆಳಗಿಳಿದು ಬಂದಾಗ ತೋಟವ್ವ ಸಂಕವ್ವನ ಸೆರಗು ಹಿಡಿದು ನಡೆಯುತ್ತಿದ್ದಳು. ಊರು ಕಂಡದ್ದು ಇಷ್ಟೇ. ಗುಡ್ಡದ ಮಂದಿ ಚದುರಿಹೋದರು, ಅಪ್ಪ ಎಂದೋ ತೀರಿಕೊಂಡ.

ಏಡಿಯ ಮನೆಗೆ ಹೋದಾಗ ಸಂಕವ್ವ ಒಲೆಯ ಪಕ್ಕದ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಬೆಂಕಿ ಆರಿಸಿ, ಬೂದಿ ತೆಗೆದು, ಹಲಗೆ ತಣ್ಣಗಾಗುವವರೆಗೆ ಕಾದೆವು. ತೋಟವ್ವ ತಾಯಿಗೆ ಇನ್ನೆರಡು ಕಂಬಳಿ ಹೊದಿಸಿದಳು. ಹಲಗೆಯನ್ನು ಹತ್ತಿರದಿಂದ ನೋಡಿದ್ದು ನಾನು ಅದೇ ಮೊದಲು. ಆದರೆ ಹಬ್ಬಕ್ಕೆ ಹುಣ್ಣಿಮೆಗೆ ಆ ಮನೆಯಲ್ಲಿ ಉಂಡವರೆಲ್ಲ ಅದನ್ನು ದೂರದಿಂದ ನೋಡಿ ನಕ್ಕವರೇ. ಎಡಕ್ಕೆ ಏಡಿ, ಸರಿ. ಬಲಕ್ಕೆ ಎಲ್ಲಕ್ಕಿಂತ ಮೇಲೆ ಬಾಚಣಿಗೆ, ಅದು ಸತ್ತ ನೀಲವ್ವನ ತವರಿನದು. ಅದರ ಕೆಳಗೆ ಏಣಿ, ಅದು ಬದುಕಿರುವ ಸಂಕವ್ವನ ತವರಿನದು. ಬದುಕಿದವಳು ಕೆಳಗೆ, ಸತ್ತವಳು ಮೇಲೆ! ಎರಕದವನ ಸೋಮಾರಿತನ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಹಳೆಯ ಗುರುತನ್ನು ಕೆಳಗಿಳಿಸುವುದಕ್ಕೆ ಮೈಗಳ್ಳತನ ಮಾಡಿ, ನಡುವೆ ಖಾಲಿ ಇದ್ದಲ್ಲಿ ಏಣಿಯನ್ನು ತುರುಕಿದ್ದಾನೆ ಎಂದು ನಾನೂ ಹೇಳುತ್ತಿದ್ದೆ. ಏಣಿಯ ಕೆಳಗೆ, ಹಲಗೆಯ ಬುಡದಲ್ಲಿ, ಒಂದೇ ಒಂದು ತೆನೆ.

"ನೋಡವಾ," ಎಂದೆ. "ಇದರಾಗ ಓದೂದು ಏನೈತಿ? ತೆನಿ ಏಣಿ ಕೆಳಗೈತಿ. ಏಣಿ ಸಂಕವ್ವಂದು. ನೀ ಸಂಕವ್ವನ ಮಗಳು."

ತೋಟವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಂಗಾರ ಮುದುಕಿ ನನ್ನ ಸುಮ್ಮಸುಮ್ಮನ ಅಳಿಸಿತಲ್ಲೋ ಅಣ್ಣಾ," ಎಂದು ನಕ್ಕು, ನನಗೆ ಚಹಾ ಮಾಡಲು ಹಿತ್ತಲ ಒಲೆಗೆ ಹೋದಳು.

ಅಲ್ಲಿಗೆ ಎದ್ದುಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕಣ್ಣಿನಿಂದ ಓದಿದ ಮೇಲೆ ಬೆರಳಿನಿಂದ ಓದುವುದು ನನ್ನ ಅಭ್ಯಾಸ, ಚಹಾ ಬರುವವರೆಗೆ ಬೇರೆ ಕೆಲಸವೂ ಇರಲಿಲ್ಲ. ಪ್ರತಿ ಮರುಎರಕದಲ್ಲೂ ಹಲಗೆ ಮೊಳಕ್ಕೆ ಒಂದು ಹೆಸರುಕಾಳಿನಷ್ಟು ಕುಗ್ಗುತ್ತದೆ. ಹಳೆಯ ಗುರುತುಗಳ ಅಂಚು ಸವೆದ ಸಾಬೂನಿನಂತೆ ದುಂಡಗಾಗುತ್ತದೆ. ಹೊಸದಾಗಿ ಮರದ ಅಚ್ಚಿನಿಂದ ಒತ್ತಿದ ಗುರುತು ಮಾತ್ರ ಚೂಪಾಗಿರುತ್ತದೆ. ಏಡಿಯ ಕಾಲುಗಳನ್ನು ಮುಟ್ಟಿದೆ, ದುಂಡಗಿದ್ದವು. ಬಾಚಣಿಗೆಯ ಹಲ್ಲುಗಳ ಸಂದು ಅರ್ಧ ತುಂಬಿಕೊಂಡಿತ್ತು. ಏಣಿಯ ಮೆಟ್ಟಿಲುಗಳು ಚೂಪಾಗಿದ್ದವು. ಎರಡನೆಯ ಮದುವೆಯಾದವರು ಹೆಂಡತಿಯ ಗುರುತನ್ನು ಅವಳ ಮೊದಲ ತೆನೆಯ ಜೊತೆಗೇ ಒಂದೇ ಎರಕದಲ್ಲಿ ಹೊಯ್ಯಿಸುವುದುಂಟು, ಹಾಗಾಗಿ ಅಲ್ಲಿಯವರೆಗೆ ಎಲ್ಲ ಸರಿ. ಕೊನೆಗೆ ತೆನೆಯ ಮೇಲೆ ಬೆರಳಾಡಿಸಿದೆ. ಅದರ ಕಾಳುಗಳೂ ದುಂಡಗಿದ್ದವು.

ಮತ್ತೆ ಮುಟ್ಟಿದೆ, ಎಡಗೈಯಿಂದಲೂ ಮುಟ್ಟಿದೆ. ಸಂಶಯವಿರಲಿಲ್ಲ. ಏಣಿ ಬರುವುದಕ್ಕೆ ಮುಂಚೆಯೇ ತೆನೆ ಆ ಹಲಗೆಯಲ್ಲಿತ್ತು. ಅದು ಬಾಚಣಿಗೆಯ ತೆನೆ. ತೋಟವ್ವ ನೀಲವ್ವನ ಕೂಸು.

"ಎರಕದ ಯಜಮಾನ್ರ," ಎಂದಿತು ಒಂದು ಧ್ವನಿ. ತಿರುಗಿ ನೋಡಿದರೆ ಸಂಕವ್ವ ಕಣ್ಣು ತೆರೆದು ನನ್ನ ಮಸಿ ಹತ್ತಿದ ಕೈಗಳನ್ನೇ ನೋಡುತ್ತಿದ್ದಳು. ಯಾವ ಕಾಲದಲ್ಲಿದ್ದಳೋ, ನನ್ನನ್ನು ಯಾರೆಂದುಕೊಂಡಿದ್ದಳೋ. "ನನ್ನ ಮ್ಯಾಲ ಏರಿಸಬ್ಯಾಡ್ರಿ ಯಜಮಾನ್ರ. ಮ್ಯಾಲ ಆಕೀನ ಇರ್ಲಿ. ನನ್ನ ನಡುವ ಹಾಕ್ರಿ."

"ನಡುವ ಯಾಕವಾ?" ಎಂದೆ.

"ಕೂಸಿನ ತಲಿ ಮ್ಯಾಲ ಯಾರಾರ ಇರಬೇಕಲ್ರಿ," ಎಂದಳು. ಮತ್ತೆ ಕಣ್ಣು ಮುಚ್ಚಿಕೊಂಡಳು.

ನಾನು ಒಲೆಯ ಮುಂದೆ ಬೂದಿಯಲ್ಲೇ ಕೂತುಬಿಟ್ಟೆ. ಹೊಸ ಮದುವಣಗಿತ್ತಿ, ಎರಕದ ಅಂಗಳಕ್ಕೆ ತಾನೇ ಹೋಗಿ, ಹೆಂಡತಿಗೆ ಸಲ್ಲಬೇಕಾದ ಮೇಲಿನ ಜಾಗ ಬೇಡವೆಂದು, ತನ್ನನ್ನು ತಾಯಿಯಿಲ್ಲದ ಮಗುವಿನ ತೆನೆಯ ಮೇಲೆ ಕೂರಿಸಿರೆಂದು ಕೇಳಿಕೊಂಡಿದ್ದಳು. ನಾವು ಇಷ್ಟು ಕಾಲ ಅದನ್ನು ಸೋಮಾರಿತನವೆಂದು ನಗುತ್ತಾ ಬಂದಿದ್ದೆವು. ಊರಿಗೇ ಒಲೆಬೆನ್ನು ಓದುವವನೆಂದು ಮೆರೆಯುವ ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ತೋಟವ್ವ ಚಹಾ ತಂದಳು. ಹೇಳದೆ ಇರಬಹುದಿತ್ತು. ಆದರೆ ಅವಳು ಖರೇನ ಹೇಳು ಎಂದಿದ್ದಳು, ನನಗೂ ಬೇರೆ ಅಭ್ಯಾಸವಿರಲಿಲ್ಲ. ಅವಳ ಬೆರಳನ್ನೇ ಹಿಡಿದು ಏಣಿಯ ಮೇಲೆ, ಬಾಚಣಿಗೆಯ ಮೇಲೆ, ತೆನೆಯ ಮೇಲೆ ಇಡಿಸಿ, ಸಂಕವ್ವ ಆಡಿದ ಮಾತನ್ನೂ ಹೇಳಿದೆ. ಅವಳು ಬಹಳ ಹೊತ್ತು ತೆನೆಯ ಮೇಲಿಂದ ಬೆರಳು ತೆಗೆಯಲಿಲ್ಲ. ಕೋಪ ಬಂದಿತ್ತೋ ದುಃಖವೋ, ಅವಳ ಕತ್ತು ಕೆಂಪಾಗಿತ್ತು.

"ಒಂದ ಒಂದು ಸಲಾನಾರ ಹೇಳಬಾರದಿತ್ತಾ," ಎಂದಳು. "ನಾ ಎಷ್ಟು ಬೈದೀನಿ ಆಕಿಗೆ. ಹೆತ್ತಾಕಿ ಅಲ್ಲೇನು, ಬೈಸ್ಕೋತಾಳ ಅಂತ ಬೈದೀನಿ."

ಆಗ ಮಂಚದಿಂದ ಕರೆ ಬಂತು. "ನೀಲವ್ವನ ಕೂಸ, ನೀರು ಕೊಡ."

ತೋಟವ್ವ ಎದ್ದಳು. "ಬಂದೆ ಯವ್ವಾ," ಎಂದಳು. ತಾಯಿಯ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಎಂಟು ದಿನದ ಬಾಯಾರಿಕೆಯನ್ನೆಲ್ಲ ಅವತ್ತೇ ತೀರಿಸುವವಳ ಹಾಗೆ ಚೊಂಬು ಪೂರ್ತಿ ಕುಡಿಸಿಬಿಟ್ಟಳು.

ನನ್ನನ್ನು ಬೀಳ್ಕೊಡಲು ಬಾಗಿಲವರೆಗೆ ಬಂದಾಗ ಅವಳಿಗೆ ಅದು ಹೊಳೆಯಿತು. ಹೊಳೆಯದಿರಲಿ ಎಂದು ನಾನು ಬೇಗ ಬೇಗ ಚಪ್ಪಲಿ ಮೆಟ್ಟುತ್ತಿದ್ದೆ.

"ಅಣ್ಣಾ, ಅವ್ವ ಹೋದಮ್ಯಾಲ ಏಣಿ?"

ನಮ್ಮೂರಿನ ಕಟ್ಟಳೆ ಅವಳಿಗೂ ಗೊತ್ತಿತ್ತು. ಹೆತ್ತವಳ ಗುರುತು ಸತ್ತ ಮೇಲೂ ಉಳಿಯುತ್ತದೆ. ಹೆರದವಳು ಹೋದರೆ, ಮರುಎರಕದಲ್ಲಿ ಅವಳ ಗುರುತಿನ ಜಾಗಕ್ಕೆ ಮರಳು ತುಂಬಿ ಸಮ ಮಾಡಿಬಿಡುತ್ತಾರೆ. ಇಸವಿ ನಿಲ್ಲದ ಊರಿನಲ್ಲಿ ಒಲೆಬೆನ್ನಿನಿಂದ ಹೋದವಳು ಎಲ್ಲಿಂದಲೂ ಹೋದಂತೆಯೇ. ಇಂಥವಳೊಬ್ಬಳಿದ್ದಳು ಎನ್ನಲು ಮತ್ತೇನೂ ಇರುವುದಿಲ್ಲ. ತೆನೆ ಯಾರದೆಂದು ಅಂಗಳದಲ್ಲಿ ಎಲ್ಲರೆದುರು ಓದಿ ಹೇಳಬೇಕಾದವನು ನಾನು. ಆಮೇಲೆ ಎರಕದ ಯಜಮಾನ ತಾನೂ ನೋಡಿ ಒಪ್ಪಬೇಕು.

"ಕಟ್ಟಳಿ ನಿನಗ ಗೊತ್ತೈತೆಲ್ಲ," ಎಂದೆ.

"ಓದಾಂವ ನೀನ ಅಲ್ಲೇನು?"

"ತೋಟವ್ವಾ, ನಮ್ಮ ಮನಿ ಒಲಿಬೆನ್ನು ನೋಡೀಯಲ್ಲ. ಬಲಕ್ಕ ಏನೈತಿ?"

ಅವಳು ತಲೆ ತಗ್ಗಿಸಿದಳು. ನಮ್ಮ ಮನೆಯ ಹಲಗೆಯ ಬಲಭಾಗ ನುಣ್ಣಗಿದೆ. ನನ್ನ ಹೆಂಡತಿ ಹೊನ್ನವ್ವ ಜರಡಿಯ ಮನೆಯವಳು. ಮಕ್ಕಳಾಗಲಿಲ್ಲ. ಅವಳು ಹೋದಾಗ ಅಂಗಳದಲ್ಲಿ ನಿಂತು, ತೆನೆಯಿಲ್ಲ, ಜರಡಿ ತೆಗೆಯಿರಿ ಎಂದು ಓದಿ ಹೇಳಿದವನು ನಾನೇ. ಯಾರ ಧ್ವನಿಯೂ ನಡುಗಲಿಲ್ಲ, ನನ್ನದೂ. ಊರು ನನಗೆ ಭೇಷ್ ಎಂದಿತು. ಮನೆಗೆ ಬಂದು ಹೊಸ ಹಲಗೆಯ ಮುಂದೆ ಬೆಂಕಿ ಹಾಕಿದೆ. ಅವತ್ತಿನಿಂದ ಆ ಒಲೆಯ ಮುಂದೆ ಕೂತು ನನಗೆ ಊಟ ಸೇರಿಲ್ಲ, ಅಡುಗೆಮನೆಯ ಮೂಲೆಯಲ್ಲಿ ಉಣ್ಣುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ. ತೋಟವ್ವನಿಗೂ ಹೇಳಲಿಲ್ಲ. ಅವಳು ಕದ ಮುಂದೆ ಮಾಡಿಕೊಂಡಳು.

ಸಂಕವ್ವ ಅವರೆ ಹೂ ಬಿಡುವ ಹೊತ್ತಿಗೆ ತೀರಿಕೊಂಡಳು. ಕಷ್ಟಪಡಲಿಲ್ಲ. ಮಣ್ಣು ಮಾಡಿದ ಹನ್ನೊಂದನೆಯ ದಿನ, ಕಟ್ಟಳೆಯಂತೆ, ಏಡಿಯ ಮನೆಯ ಒಲೆಬೆನ್ನನ್ನು ಗಾಡಿಯಲ್ಲಿ ಎರಕದ ಅಂಗಳಕ್ಕೆ ತಂದರು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಕುಲುಮೆಗೆ ಇದ್ದಿಲು ತುಂಬಿ, ಮರಳನ್ನು ಹದ ಮಾಡಿ, ಎರಕದ ಯಜಮಾನ ಮಾನಪ್ಪ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಗುಡ್ಡದ ಮೇಲೆ ಆ ಹಲಗೆಯನ್ನು ಹೊಯ್ದಿದ್ದು ಅವನ ಅಪ್ಪ. ಮಾನಪ್ಪ ಮಾತು ಕಡಿಮೆಯ ಮನುಷ್ಯ. ಅಪ್ಪನ ಸೋಮಾರಿತನದ ಬಗ್ಗೆ ಊರು ಆಡಿಕೊಂಡಾಗಲೆಲ್ಲ ಎದ್ದು ಬೇರೆ ಕಡೆ ಹೋಗುತ್ತಿದ್ದ. ಇಪ್ಪತ್ತು ಮೂವತ್ತು ಮಂದಿ ಸುತ್ತಲೂ ಕೂತಿದ್ದರು. ಹುಂಜದ ಮನೆಯವರೂ ಬಂದಿದ್ದರು, ನಾನು ಎಲ್ಲಿ ಎಡವುತ್ತೇನೋ ನೋಡಲು.

ರಾತ್ರಿಯೆಲ್ಲ ನಿದ್ದೆಗೆಟ್ಟು ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಓದಿದ್ದನ್ನು ಓದಿದಂತೆ ಹೇಳುವುದು. ಹೊನ್ನವ್ವನಿಗೆ ಮಾಡದ ಉಪಕಾರವನ್ನು ಬೇರೆ ಯಾರಿಗೆ ಮಾಡಿದರೂ ಅದು ಅವಳಿಗೆ ಮಾಡುವ ಅನ್ಯಾಯ ಎಂದು ನನ್ನ ಲೆಕ್ಕಾಚಾರ. ತೋಟವ್ವನ ಮುಖ ನೋಡದೆ ಹಲಗೆಯ ಮುಂದೆ ಮಂಡಿಯೂರಿದೆ. ಬಟ್ಟೆಯಿಂದ ಮೇಲಿನ ಮಸಿ ಒರೆಸಿದೆ. ಏಡಿ, ಬಾಚಣಿಗೆ, ಏಣಿ. ಬುಡಕ್ಕೆ ಬಂದಾಗ ನನ್ನ ಕೈ ನಿಂತಿತು.

ತೆನೆಯ ಕಾಳುಗಳು ಏಣಿಯ ಮೆಟ್ಟಿಲುಗಳಷ್ಟೇ ಚೂಪಾಗಿದ್ದವು. ಯಾರೋ ಉಳಿ ಹಿಡಿದು ಒಂದೊಂದು ಕಾಳಿನ ಸುತ್ತಲೂ ಕಬ್ಬಿಣ ಕೆತ್ತಿ ಎಬ್ಬಿಸಿದ್ದರು. ಆ ಯಾರೋ ಜನ್ಮದಲ್ಲಿ ಉಳಿ ಹಿಡಿದವರಲ್ಲ. ಎರಡು ಕಡೆ ಉಳಿ ಜಾರಿ ಗೀರು ಬಿದ್ದಿತ್ತು. ಒಂದು ಕಾಳಂತೂ ತೆನೆಯ ಕಾಳಾಗಿ ಉಳಿಯದೆ ಬೇಳೆಯಾಗಿತ್ತು. ಕೆತ್ತಿದ ಜಾಗವೆಲ್ಲ ಬಿಸಿಲಿಗೆ ಹೊಸ ಸೂಜಿಯಂತೆ ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಬಳಿದಿದ್ದ ಮಸಿಯನ್ನು ಈಗಷ್ಟೇ ನಾನೇ ಒರೆಸಿದ್ದೆ.

ತಲೆಯೆತ್ತಿ ತೋಟವ್ವನನ್ನು ನೋಡಿದೆ. ಅವಳು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಸೆರಗಿನ ಸಂದಿಯಿಂದ ಬಟ್ಟೆ ಕಟ್ಟಿದ ಬೆರಳುಗಳು ಕಂಡವು, ಮೂರು, ಅಲ್ಲ, ನಾಲ್ಕು. ಅವಳು ಬೇಡಿಕೊಳ್ಳುವ ಹಾಗೆ ನೋಡಲಿಲ್ಲ. ಏನು ಮಾಡ್ಕೋತೀ ಮಾಡ್ಕೋ ಎನ್ನುವ ಹಾಗೆ ನೋಡಿದಳು. ಹೊನ್ನವ್ವ ಹೋದಾಗ ಒಂದು ಬೆರಳನ್ನಾದರೂ ಕೊಯ್ದುಕೊಳ್ಳುವ ಯೋಚನೆ ನನಗೆ ಬಂದಿರಲಿಲ್ಲ.

"ಹೇಳಪಾ ಗೂಳಪ್ಪ," ಎಂದ ಮಾನಪ್ಪ. "ತೆನಿ ಯಾರದು?"

"ಏಣೀದು," ಎಂದೆ. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದೆ. "ತೆನಿ ಏಣೀದು. ಸಂಕವ್ವ ಹೆತ್ತಾಕಿ. ಏಣಿ ಇರಬೇಕು."

ಹುಂಜದ ಮನೆಯ ಹಿರಿಯ ಕೆಮ್ಮಿದ. ಮಾನಪ್ಪ ತಾನೂ ನೋಡಲು ಹಲಗೆಯ ಕಡೆ ಹೆಜ್ಜೆಯಿಟ್ಟ. ನನಗೆ ಬೇರೆ ದಾರಿ ತೋಚಲಿಲ್ಲ. ಇನ್ನೂ ಹೊತ್ತಿಸಿರದ ಕುಲುಮೆಯ ಬಾಯಿಗೆ ಕೈ ಹಾಕಿ ಒಂದು ಹಿಡಿ ಮಸಿ ಬಳಿದು ತಂದು ತೆನೆಯ ಮೇಲೆ ತಿಕ್ಕತೊಡಗಿದೆ.

ಮಾನಪ್ಪ ನನ್ನ ಪಕ್ಕದಲ್ಲಿ ಕೂತ. ಬೇರೆಯವರಿಗೆ ಕೇಳದಂತೆ ಕೇಳಿದ. "ಓದೋರು ಮಸಿ ಒರಸ್ತಾರ. ನೀ ಹಚ್ಚಾಕತ್ತೀಯಲ್ಲ?"

"ಕಣ್ಣು ಮಂಜಾಗ್ಯಾವ," ಎಂದೆ. "ಕರ್ರಗ ಮಾಡಿದ್ರನ ಕಾಣ್ತೈತಿ ನನಗ."

ಅವನು ಬಗ್ಗಿ ನೋಡಿದ. ಗೀರುಗಳನ್ನು ನೋಡಿದ, ಬೇಳೆಯಾದ ಕಾಳನ್ನು ನೋಡಿದ. ತನ್ನ ಅಪ್ಪ ನಡುವೆ ಕೂರಿಸಿದ ಏಣಿಯ ಮೆಟ್ಟಿಲುಗಳ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ತಿರುಗಿ ತೋಟವ್ವನ ಬೆರಳುಗಳನ್ನು ನೋಡಿದ. ಅವನೇನು ಹೇಳುತ್ತಾನೋ ಎಂದು ನಾನು ಮಸಿಯ ಅಂಗೈ ಚಾಚಿಕೊಂಡೇ ಕೂತಿದ್ದೆ.

"ಇಲ್ಲೊಂದು ಕಾಳು ಬಿಟ್ಟೀದಿ ನೋಡು," ಎಂದು, ನನ್ನ ಅಂಗೈಯಲ್ಲಿದ್ದ ಮಸಿಯಲ್ಲಿ ತನ್ನ ಹೆಬ್ಬೆರಳು ಅದ್ದಿಕೊಂಡ.